ಷರತ್ತಿನ ಮೇಲೆ ಬಂದ ಕಾರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಔರಾದಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಬೇರೆಯವರು ಬರೆದದ್ದನ್ನು ಕಪಾಟಿನಲ್ಲಿ ಜೋಡಿಸುವುದು ನನ್ನ ಕೆಲಸ, ಸ್ವತಃ ಬರೆಯುತ್ತಿರುವುದು ಇದೇ ಮೊದಲು. ಓದುವವರಿಗೆ ಎಲ್ಲಿ ತಿಳಿಯುವುದಿಲ್ಲವೋ ಎಂದು ಹೆದರಿ ಹೆಚ್ಚೇ ವಿವರಿಸುತ್ತೇನೆ. ಆದರೆ ಹಳೆಯ ಕಾರು ಕೊಂಡಾಗಿನಿಂದ ಏನಾದರೊಂದು ನಡೆಯುತ್ತಲೇ ಇದೆ, ಹೇಳದೆ ಇರಲು ಆಗುತ್ತಿಲ್ಲ.

೧. ಸಾವಕಾಶ ಓಡಿದ ಗಾಡಿ

ನಮ್ಮ ಮನೆ ಬೀದರಿನ ಚಿದ್ರಿಯಲ್ಲಿ. ಔರಾದಿಗೆ ದಿನಾ ಬಸ್ಸಿನಲ್ಲಿ ನಿಂತು ಹೋಗುವುದು. ಅಗ್ಗದ ಹಳೆಯ ಸೆಡಾನ್ ಒಂದು ಭಾಲ್ಕಿಯಲ್ಲಿ ಮಾರಾಟಕ್ಕಿದೆ ಎಂದು ತಿಳಿದ ದಿನ ನನಗೆ ಊಟವೇ ಸೇರಲಿಲ್ಲ. ಸೆಡಾನ್ ಎಂದರೆ ಹಿಂದೆ ಬೇರೆಯಾಗಿ ಡಿಕ್ಕಿ ಇರುವ ಉದ್ದನೆಯ ಕಾರು. ಡಿಕ್ಕಿ ಎಂದರೆ, ಅದು ಎಲ್ಲರಿಗೂ ಗೊತ್ತು, ಬಿಡಿ.

ಮಾರುವವರು ಬಾನೆಟ್ ಮೇಲೆ ಕೈಯಾಡಿಸಿ, "ಏಕದಮ್ ಸಾವಕಾಶ ಓಡಿದ ಗಾಡಿ ಅದ ಸರ್. ಒಂದು ದಿನಾನೂ ಜೋರು ಓಡಿಸಿಲ್ಲ" ಎಂದರು.

ನನ್ನ ಹೆಂಡತಿ ಕಾರಿಗೊಂದು ಸುತ್ತು ಹಾಕಿದಳು. ಅವಳ ತವರು ಖಟಕ ಚಿಂಚೋಳಿ. ಅಲ್ಲಿ ಅವಳ ಅಪ್ಪನಿಗೊಂದು ಹಳೆಯ ಜೀಪಿತ್ತು. "ನಮ್ಮಪ್ಪನ ಜೀಪು ತಳ್ಳಿ ತಳ್ಳಿ ನನ್ನ ಸಾಲಿ ಮುಗದದ್ರಿ. ಈ ಗಾಡಿ ತಗೋರಿ, ನಾ ಬ್ಯಾಡ ಅನ್ನಲ್ಲ. ಆದ್ರ ನಾ ಒಂದೇ ಒಂದು ಸಲ ಇಳಿದು ತಳ್ಳಿದ್ನಂದ್ರ ಮರುದಿನ ಮಾರಬೇಕು."

ಒಪ್ಪಿದೆ. ಆ ಖುಷಿಯಲ್ಲಿ ಏನು ಹೇಳಿದ್ದರೂ ಒಪ್ಪುತ್ತಿದ್ದೆ. ಹೊರಟ ಕೂಡಲೇ ಏಸಿ ಹಾಕಿದೆ. ಕಿಂಡಿಯಿಂದ ಗಾಳಿಯ ಜೊತೆ ಒಣಗಿದ ಚೆಂಡುಹೂವಿನ ಎಸಳುಗಳು ಹಾರಿ ಬಂದು ಅವಳ ತಲೆ, ಮಡಿಲು ಎಲ್ಲಾ ತುಂಬಿದವು. ಅವಳು ಕೂದಲಿನಿಂದ ಒಂದು ಎಸಳು ತೆಗೆದು ನೋಡಿದಳು.

"ಗಾಡಿ ನಮಗ ಮತ್ತೊಮ್ಮೆ ಮದುವಿ ಮಾಡ್ಲತ್ತದ ನೋಡ್ರಿ."

೨. ಪೆಟ್ರೋಲ್ ಪಂಪಿನ ದಂಪತಿ

ಭಾಲ್ಕಿಯಲ್ಲೇ ಪೆಟ್ರೋಲ್ ಹಾಕಿಸಲು ನಿಂತೆವು. ಬೈಕಿನಲ್ಲಿ ಬಂದ ಒಬ್ಬರು ಕಾರನ್ನು ಸೋದರಳಿಯನನ್ನು ನೋಡಿದ ಹಾಗೆ ನೋಡಿದರು. "ಸರ್, ಇದು ನೀವು ತಗೊಂಡ್ರಿ? ನನ್ನ ಮದುವಿ ಮೆರವಣಿಗಿ ಇದರಾಗೇ ಆಗ್ಯದ್ರಿ. ಭಾಲ್ಕ್ಯಾಗ ಅರ್ಧ ಮದುಮಕ್ಕಳು ಇದರಾಗ ಕುಂತಾರ."

ಆಗ ನನಗೆ ಹೂವಿನ ಗುಟ್ಟು ತಿಳಿಯಿತು. ಮಾರಿದವರು ಸುಳ್ಳು ಹೇಳಿರಲಿಲ್ಲ ಎಂಬುದೂ ತಿಳಿಯಿತು. ಬ್ಯಾಂಡಿನ ಹಿಂದೆ ನಡೆದ ಗಾಡಿ ಜೋರಾಗಿ ಓಡುವುದಾದರೂ ಹೇಗೆ? ಪಾಪ, ಅದಕ್ಕೆ ಮೂರನೇ ಗೇರಿನ ಪರಿಚಯವೇ ಇರಲಿಲ್ಲ.

ಬೈಕಿನ ಹಿಂದೆ ಕೂತಿದ್ದ ಅವರ ಹೆಂಡತಿ, "ಹೌದ್ರಿ ಅಕ್ಕಾ, ಅವತ್ತು ಅರ್ಧ ದಾರ್ಯಾಗ ಬಂದ್ ಬಿದ್ದಿತ್ತು. ನಾ ಮಂಟಪದಾಗ ಕಾದು ಕಾದು ಹಸಿದು ಸತ್ತಿದ್ದೆ" ಎಂದು ನನ್ನ ಹೆಂಡತಿಗೆ ಹೇಳಿದರು.

ನಾನು ಬೇಗ ಚಾವಿ ತಿರುಗಿಸಿದೆ. ಆದರೂ ಅವಳು ಕೇಳಿಯೇಬಿಟ್ಟಳು: "ಮತ್ತ ಯಾರು ತಳ್ಳಿದ್ರು?"

"ನಮ್ಮಪ್ಪನೇ ಬಂದು ತಳ್ಳಿದ್ರು ನೋಡ್ರಿ. ಅಳಿಯನ್ನ ಬಿಡಕಾಗ್ತದೇನು?"

೩. ಡಾಬಕಾದ ಕಾಕಾ

ಈ ಕಾರಿನಲ್ಲಿ ಔರಾದಿಗೆ ಹೋಗುವಾಗಿನ ನನ್ನ ಆನಂದ ಬರೆಯಲು ನನಗೆ ಬರುವುದಿಲ್ಲ. ಕಿಟಕಿ ಇಳಿಸಿ, ನಿಲ್ದಾಣದಲ್ಲಿ ನಿಂತವರಿಗೆಲ್ಲ ಕೈ ಬೀಸುತ್ತ ಹೋಗುತ್ತೇನೆ. ಒಂದು ದಿನ ಸಹೋದ್ಯೋಗಿಯೊಬ್ಬರ ಹೊಸ ಮನೆಯ ಊಟಕ್ಕೆ ಡಾಬಕಾಕ್ಕೆ ಹೋದೆ. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಅಲ್ಲಿ ಮದುಮಗನಿಗೆ ನವರದೇವ ಎನ್ನುತ್ತಾರೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ಬಂದು ಹಿಂದಿನ ಸೀಟು ಇಣುಕಿದರು.

"ನವರದೇವ ಎಲ್ಲಾನ?"

"ಯಾರೂ ಇಲ್ಲ ಕಾಕಾ, ನಾನೊಬ್ಬನೇ ಬಂದೀನಿ."

ಅವರು ನನ್ನ ಬೋಳು ತಲೆಯನ್ನು ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ ಹೇಳಿದರು: "ಎರಡನೇ ಸಂಬಂಧ ಏನು? ನಾಚಬ್ಯಾಡಪ್ಪ, ಇಳಿ."

೪. ಮೆರವಣಿಗೆಯ ನಡುವೆ

ಈಗ ನಿಜವಾದ ಗಂಡಾಂತರಕ್ಕೆ ಬರುತ್ತೇನೆ. ಹೋದ ರವಿವಾರ ಮಧ್ಯಾಹ್ನ ಹೆಂಡತಿಯ ಜೊತೆ ಮನೆಗೆ ಬರುವಾಗ ಚಿದ್ರಿಯ ರಸ್ತೆಯಲ್ಲಿ ಎದುರಿಗೆ ಬರಾತ್, ಅಂದರೆ ಮದುಮಗನ ಮೆರವಣಿಗೆ, ಬಂತು. ಬ್ಯಾಂಡಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಕಾರು ನಿಂತಿತು. ಚಾವಿ ತಿರುಗಿಸಿದರೆ ಟಿಕ್ ಅನ್ನುತ್ತದೆ, ಅಷ್ಟೇ. ಹಿಂದೆ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಇಳಿದು ತಳ್ಳೋಣವೆಂದರೆ ಸ್ಟೇರಿಂಗ್ ಹಿಡಿಯುವವರಿಲ್ಲ.

ಅವಳು ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟಳು. "ಇಳೀಲೇನ್ರಿ?"

ಎಷ್ಟು ಮೆತ್ತಗೆ ಕೇಳಿದಳೆಂದರೆ, ಮರುದಿನದ ಬಸ್ಸು ನನ್ನ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಪೇಟ ಸುತ್ತಿದ ಹಿರಿಯರೊಬ್ಬರು ಓಡಿ ಬಂದರು. "ಎಷ್ಟು ತಡ ಮಾಡಿದ್ರಿ ಸಾಬ್. ದುಲ್ಹಾ ಬಿಸಿಲಾಗ ಬೇಯ್ಲತ್ತಾನ." ಅವರು ಹೇಳಿಕಳಿಸಿದ ಗಾಡಿ ಇದೇ ಎಂದುಕೊಂಡಿದ್ದರು. ನಾನು ವಿವರಿಸಲು ಬಾಯಿ ತೆರೆಯುವುದರೊಳಗೆ ಶೆರ್ವಾನಿ ತೊಟ್ಟ ದುಲ್ಹಾ, ಅಂದರೆ ಮದುಮಗ, ಹಿಂದಿನ ಸೀಟಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ.

"ಗಾಡಿ ಬಂದ್ ಬಿದ್ದದ್ರಿ" ಎಂದೆ.

"ಫಿಕರ್ ಬ್ಯಾಡ್ರಿ. ನಮ್ಮ ಪೋರಗೋಳು ಅದಾರಲ್ಲ." ನನ್ನ ಹೆಂಡತಿ ಬಾಗಿಲು ತೆರೆಯುತ್ತಿದ್ದಳು. ಅವರು ಅದನ್ನು ಮೆಲ್ಲಗೆ ಮುಚ್ಚಿದರು. "ನಕ್ಕೋ ನಕ್ಕೋ ಭಾಭಿ, ನೀವು ಇಳೀಬ್ಯಾಡ್ರಿ."

ಶಾದಿಮಹಲ್ ನಾವು ದಾಟಿ ಬಂದ ಕಡೆಗೇ ಇತ್ತು. ಕುಣಿಯುತ್ತಿದ್ದವರೆಲ್ಲ ಹಿಂದಿನ ಆಟೋಗಳನ್ನು ಸರಿಸಿ, ಕಾರಿನ ಮುಂದೆ ನಿಂತು, ಕುಣಿಯುತ್ತಲೇ, ಹಿಂದುಹಿಂದಕ್ಕೆ ತಳ್ಳಿಕೊಂಡು ಶಾದಿಮಹಲ್ ಮುಟ್ಟಿಸಿದರು. ದುಲ್ಹಾ ಮಾತ್ರ ಒಮ್ಮೆ ಕೇಳಿದ: "ಅಂಕಲ್, ನಾವು ಹಿಂದಕ್ಕ ಯಾಕ ಹೋಗ್ಲತ್ತೀವಿ?"

ಊಟಕ್ಕೆ ಕೂರಿಸಿದರು. ಹೆಂಡತಿ ಬಿರಿಯಾನಿ ಹಾಕಿಸಿಕೊಳ್ಳುತ್ತ ತೀರ್ಪು ಕೊಟ್ಟಳು: "ನಾ ತಳ್ಳಿಲ್ಲ. ಗಾಡಿ ಇರ್ಲಿ. ಆದ್ರ ನಾಳಿಂದ ನನಗ ಓಡಿಸೋದು ಕಲಿಸ್ರಿ."

ಯಾಕೆ ಕಲಿಯುತ್ತಾಳೆಂದು ಆಗ ನನಗೆ ಹೊಳೆಯಲಿಲ್ಲ. ಇರಲಿ. ಬ್ಯಾಂಡಿನ ಸದ್ದಿಗೂ ಕಾರು ನಿಂತದ್ದಕ್ಕೂ ಸಂಬಂಧವಿಲ್ಲ, ಅದನ್ನು ಬಿಡಿಸಿ ಹೇಳಿಬಿಡುತ್ತೇನೆ. ಬ್ಯಾಟರಿಗೆ ಎರಡು ತಂತಿ ಇರುತ್ತವೆ, ಅವುಗಳ ತುದಿಗೆ ಬಿಳಿ ಪುಡಿ ಕಟ್ಟುತ್ತದೆ, ಬಿಳಿ ಪುಡಿ ಎಂದರೆ

"ಏನ್ರಿ, ಬರಿಯೋದು ಸಾಕು, ಹೊರಗ ಬರ್ರಿ. ನಾ ಸ್ಟೇರಿಂಗ್ ಹಿಡಕೊಂಡು ಕುಂತೀನಿ. ನೀವು ತಳ್ರಿ."