ಮೂಳೆ ವಾರ್ಡಿನಲ್ಲಿ ಉತ್ತರ ದಿಕ್ಕಿನ ರದ್ದತಿ

ಹಾಸಿಗೆ ಹಿಡಿದ ರೋಗಿಗಳ ಶುಶ್ರೂಷಾ ನಿರ್ದೇಶನಾಲಯ
ಉಪಕಚೇರಿ, ಜಯನಗರ, ಬೆಂಗಳೂರು

ಸಂಖ್ಯೆ: ಹಾಹಿರೋಶು/ದಿಕ್ಕು/14/79-80
ದಿನಾಂಕ: 9-8-1979

ಪರಿಷ್ಕೃತ ಸುತ್ತೋಲೆ

ವಿಷಯ: ಎದ್ದು ಓಡಾಡಲಾಗದ ರೋಗಿಗಳ ತಲೆ ಯಾವ ದಿಕ್ಕಿಗಿರಬೇಕು ಎಂಬ ಬಗ್ಗೆ.

ಉಲ್ಲೇಖ:
(ಅ) ವಾರ್ಡಿನೊಳಗೆ ಉತ್ತರವನ್ನು ಪೂರ್ವವೆಂದು ಘೋಷಿಸಿದ ಇದೇ ಕಚೇರಿಯ ಸುತ್ತೋಲೆ, ಸಂಖ್ಯೆ 11.
(ಆ) ಸ್ಟಾಫ್ ನರ್ಸ್ ಶ್ರೀಮತಿ ಸರ್ವಮಂಗಳಾ ಅವರ ಅಮಾನತು ಆದೇಶ.
(ಇ) ಕೆಳಗೆ ಸಹಿ ಮಾಡಿರುವ ಅಧಿಕಾರಿಯ ಎಡತೊಡೆಯ ಎಕ್ಸ್‌ರೇ.

ಪೀಠಿಕೆ:

ಯಡಿಯೂರು ಕೆರೆಯ ಹಿಂದಿರುವ ನಮ್ಮ ಆಸ್ಪತ್ರೆಯ ಗಂಡಸರ ಮೂಳೆ ವಾರ್ಡಿನಲ್ಲಿ ಮಂಚಗಳ ತಲೆಭಾಗವು ಉತ್ತರದ ಗೋಡೆಗೆ ತಾಗಿಕೊಂಡಿರುತ್ತದೆ. ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಆಯುಸ್ಸಿಗೆ ಕುತ್ತು ಎಂದು ನಂಬಿದ ರೋಗಿಗಳು, ನಂಬದವರನ್ನೂ ಹೆದರಿಸಿ, ಒಟ್ಟಾಗಿ ನಿದ್ದೆ ಬಿಟ್ಟಿದ್ದರು. ಕಾಲಿಗೆ ತೂಕ ಕಟ್ಟಿ ಮಲಗಿಸಿದವರು ಎದ್ದು ತಿರುಗಿ ಮಲಗುವಂತಿಲ್ಲ. ಆದ್ದರಿಂದ ಇದ್ದಲ್ಲೇ ತೆವಳಿ ತಲೆಯನ್ನು ಈಶಾನ್ಯಕ್ಕೋ ವಾಯವ್ಯಕ್ಕೋ ಜಾರಿಸಿಕೊಳ್ಳುತ್ತಿದ್ದರು. ಇದರಿಂದ ಎಳೆದು ಕಟ್ಟಿದ ಕಾಲು ಸೊಟ್ಟಗಾಗಿ, ಮೂಳೆ ಕೂಡುವುದು ತಡವಾಗುತ್ತಿತ್ತು.

ಒಂಬತ್ತನೇ ಹಾಸಿಗೆಯ ಶ್ರೀ ಪಿಳ್ಳಪ್ಪ, ಬೇಗೂರಿನಲ್ಲಿ ಹುಣಿಸೆ ಮರದಿಂದ ಬಿದ್ದು ತೊಡೆ ಮುರಿದುಕೊಂಡವರು, ಈ ತೆವಳುವಿಕೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಇದನ್ನು ನೋಡಲಾರದೆ ಸ್ಟಾಫ್ ನರ್ಸ್ ಸರ್ವಮಂಗಳಾ ಅವರು ಆಯಾ ಮುನಿಯಕ್ಕನ ಕೈಲಿ ತೂಕ ಹಿಡಿಸಿಕೊಂಡು, ಪೂರ್ವಾನುಮತಿ ಪಡೆಯದೆ, ಅವರ ಮಂಚವನ್ನು ತಿರುಗಿಸಿ ತಲೆಯನ್ನು ದಕ್ಷಿಣಕ್ಕೆ ಮಾಡಿದರು. ಪಿಳ್ಳಪ್ಪನವರು ಅಂದು ವಾರ್ಡಿಗೆಲ್ಲ ಕೇಳುವಂತೆ ಗೊರಕೆ ಹೊಡೆದರು. ಸದರಿ ಕೃತ್ಯಕ್ಕಾಗಿ ನರ್ಸನ್ನು ಅಮಾನತಿನಲ್ಲಿಟ್ಟು, ಮಂಚವನ್ನು ಮತ್ತೆ ಉತ್ತರಕ್ಕೆ ತಿರುಗಿಸಲಾಯಿತು. ಗೊರಕೆ ನಿಂತಿತು.

ಆ ನಂತರದ ಬೆಳವಣಿಗೆಗಳ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರುವುದೇನೆಂದರೆ:

1. ಹಾಸಿಗೆಯ ಸಂಖ್ಯೆಯನ್ನು ಉತ್ತರದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಲಾಗಿದೆ. ಮಂಚ ತಿರುಗಿಸಿದಲ್ಲಿ ಸಂಖ್ಯೆಯು ರೋಗಿಯ ಪಾದದ ಕಡೆ ಬರುವುದರಿಂದ, ಮಾತ್ರೆಯನ್ನು ಯಾವ ತುದಿಗೆ ಕೊಡಬೇಕೆಂಬ ಬಗ್ಗೆ ಸಿಬ್ಬಂದಿಯಲ್ಲಿ ಗೊಂದಲ ಉಂಟಾಗುವ ಸಂಭವವಿದೆ ಎಂದು ಆಗ ಭಾವಿಸಲಾಗಿತ್ತು.

2. ಆದಕಾರಣ ಮಂಚದ ಬದಲು ದಿಕ್ಕನ್ನೇ ತಿರುಗಿಸುವುದು ಮಿತವ್ಯಯವೆಂದು ತೀರ್ಮಾನಿಸಿ, ವಾರ್ಡಿನ ಹೊಸಿಲು ದಾಟಿದೊಡನೆ ಉತ್ತರವನ್ನು ಪೂರ್ವವೆಂದು ಪರಿಗಣಿಸತಕ್ಕದ್ದು ಎಂದು ಆದೇಶಿಸಲಾಯಿತು. ಉಳಿದ ದಿಕ್ಕುಗಳು ತಂತಮ್ಮ ಜಾಗದಿಂದ ಒಂದೊಂದು ಹೆಜ್ಜೆ ಸರಿದುಕೊಳ್ಳತಕ್ಕದ್ದು. ಸೂರ್ಯನು ದಕ್ಷಿಣದ ಕಿಟಕಿಯಲ್ಲಿ ಹುಟ್ಟುವುದನ್ನು ರೋಗಿಗಳು ಆಕ್ಷೇಪಿಸತಕ್ಕದ್ದಲ್ಲ. ಈ ಸಂಬಂಧ ಶ್ರೀ ಪಿಳ್ಳಪ್ಪನವರ ಲಿಖಿತ ಅಭಿಪ್ರಾಯ ಕೇಳಲಾಗಿ, ಅವರು ಬಾಯಿಮಾತಿನಲ್ಲಿ, "ನೀವು ಕಾಗ್ದದಾಗೆ ಬರ್ಕೊಂಡ್ರೆ ನನ್ ತಲೆಗೆ ಗೊತ್ತಾಯ್ತದಾ ಸಾರ್? ಅದು ನಿದ್ದೇನೇ ಬರಾಕಿಲ್ಲ ಅಂತದೆ" ಎಂದಿರುತ್ತಾರೆ. ಅಭಿಪ್ರಾಯವನ್ನು ಅಸಂಗತವೆಂದು ತಳ್ಳಿಹಾಕಲಾಯಿತು.

3. ಹೊಸ ದಿಕ್ಕುಗಳ ಪಾಲನೆಯನ್ನು ಪರಿಶೀಲಿಸಲು ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಸರ್ವೆ ಕಚೇರಿಯಿಂದ ದಿಕ್ಸೂಚಿ ಎರವಲು ತಂದು ವಾರ್ಡಿಗೆ ಭೇಟಿ ಇತ್ತರು. ಮುಳ್ಳು ಆದೇಶವನ್ನು ಲೆಕ್ಕಿಸದೆ ಹಳೆಯ ಉತ್ತರವನ್ನೇ ತೋರಿಸುತ್ತಿದ್ದುದರಿಂದ, ಅದನ್ನು ದುರುಗುಟ್ಟಿ ನೋಡುತ್ತಾ ನಡೆದ ಅಧಿಕಾರಿಯು ಪಿಳ್ಳಪ್ಪನವರ ಕಾಲ್ದೆಸೆಯಲ್ಲಿ ತೂಗುತ್ತಿದ್ದ ಮರಳು ಚೀಲಕ್ಕೆ ಎಡವಿ ಬಿದ್ದರು. ಬೀಳುವ ಮುನ್ನ ಪಿಳ್ಳಪ್ಪನವರು, "ಅಯ್ಯಯ್ಯೋ, ನಿಧಾನ ಸಾರ್, ಅದು ನನ್ ಕಾಲು!" ಎಂದು ಎಚ್ಚರಿಸಿದ್ದನ್ನು ದಾಖಲಿಸಲಾಗಿದೆ. ಪಿಳ್ಳಪ್ಪನವರ ಕಾಲಿಗೆ ಏನೂ ಆಗಿಲ್ಲ. ನರ್ಸ್ ತಿರುಗಿಸಿದಂತೆ ಮಂಚವನ್ನು ಬಿಟ್ಟಿದ್ದಲ್ಲಿ ಚೀಲವು ಗೋಡೆಯ ಕಡೆ ಇರುತ್ತಿತ್ತೆಂಬುದನ್ನು ಯಾರೂ ಮತ್ತೆ ಮತ್ತೆ ಹೇಳತಕ್ಕದ್ದಲ್ಲ.

4. ಸದರಿ ಅಧಿಕಾರಿಯು ಎಡತೊಡೆ ಮುರಿದುಕೊಂಡು ಈಗ ಹತ್ತನೇ ಹಾಸಿಗೆಯಲ್ಲಿ ದಾಖಲಾಗಿರುತ್ತಾರೆ. ತಲೆ, ಅವರದೇ ಆದೇಶದಂತೆ, ಪೂರ್ವವೆನಿಸಿಕೊಂಡ ಉತ್ತರಕ್ಕಿದೆ. ಅವರಿಗೂ ನಿದ್ದೆ ಬಂದಿಲ್ಲ. ಅವರಿಗೆ ಇಂಥ ನಂಬಿಕೆಗಳಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಲಾಗಿದೆ.

5. ಬೆಡ್‌ಪ್ಯಾನ್ ಬೇಕಾದ ರೋಗಿಯು ತನ್ನ ಕೋರಿಕೆ 'ಸಾಮಾನ್ಯ', 'ತುರ್ತು' ಅಥವಾ 'ಅತಿ ತುರ್ತು' ಎಂಬುದನ್ನು ಮೊದಲೇ ನಮೂದಿಸಿ, ಮೇಲಧಿಕಾರಿಯ ಒಪ್ಪಿಗೆಗೆ ಕಾಯತಕ್ಕದ್ದು ಎಂಬ ಹಳೆಯ ನಿಯಮವನ್ನು ಈ ಕೂಡಲೇ ಕೈಬಿಡಲಾಗಿದೆ. ಸಾಮಾನ್ಯವು ಅತಿ ತುರ್ತಾಗಲು ಒಪ್ಪಿಗೆಯಷ್ಟು ಸಮಯ ಬೇಕಾಗುವುದಿಲ್ಲ ಎಂಬುದು ಖುದ್ದು ಅನುಭವದಿಂದ ತಿಳಿದುಬಂದಿರುತ್ತದೆ. ಹೆಚ್ಚಿನ ವಿವರ ಕೇಳತಕ್ಕದ್ದಲ್ಲ.

6. ಬೆನ್ನು ಹುಣ್ಣಾಗದಂತೆ ರೋಗಿಯನ್ನು ಆಗಾಗ ಮೆಲ್ಲನೆ ಎತ್ತಿ, ಸ್ಪಿರಿಟ್ ಒರೆಸಿ ಪೌಡರ್ ಹಾಕುವ ವೇಳೆ ರೋಗಿಯು 'ಅಮ್ಮಾ' ಎಂದು ಕೂಗುವುದನ್ನು ನಿಷೇಧಿಸಲಾಗಿತ್ತು. ಕೂಗಲೇಬೇಕಾದಲ್ಲಿ 'ಇಲಾಖೆಯೇ' ಎನ್ನಬಹುದಿತ್ತು. ಮೊದಲ ಬಾರಿ ಎತ್ತಿದಾಗ ಸದರಿ ಅಧಿಕಾರಿಗೆ ಇಲಾಖೆಯ ನೆನಪು ಬರಲಿಲ್ಲ. ನಿಷೇಧವನ್ನು ತೆರವುಗೊಳಿಸಲಾಗಿದೆ.

7. ಅಷ್ಟರಲ್ಲಿ ಸದರಿ ಅಧಿಕಾರಿಯ ತಾಯಿ ಶ್ರೀಮತಿ ಸೀತಾಲಕ್ಷ್ಮಿಯವರು ಜಯನಗರ ಮೂರನೇ ಬ್ಲಾಕಿನ ಮನೆಯಿಂದ ಟಿಫಿನ್ ಕ್ಯಾರಿಯರಿನಲ್ಲಿ ಸಾರನ್ನ ತಂದರು. ಬಾಗಿಲಲ್ಲೇ ನಿಂತು ಮಗನ ತಲೆ ನೋಡಿದರು. ಅವರಿಗೆ ಸುತ್ತೋಲೆ ಸಂಖ್ಯೆ 11ರ ಪ್ರತಿಯನ್ನು ತೋರಿಸಲಾಗಿ, ಅವರು ಈ ಕೆಳಗಿನಂತೆ ತಕರಾರು ಸಲ್ಲಿಸಿರುತ್ತಾರೆ: "ಕಾಗದ ತೋರಿಸ್ತೀಯೇನೋ ನಂಗೆ? ಲಾಲ್‌ಬಾಗ್ ಇರೋದು ಆ ಕಡೆ, ನಿನ್ನ ತಲೆ ಇರೋದೂ ಆ ಕಡೆ. ಅದು ಉತ್ತರ ಅಲ್ದೆ ಇನ್ನೇನೋ? ಹೆತ್ತ ಮಗನ್ನ ಹೀಗೆ ಮಲಗಿಸಿ ನಾನು ಒಂದು ತುತ್ತು ಬಾಯಿಗಿಡಲ್ಲ, ಅನಂತು. ನಿನ್ನ ಮಂಚ ತಿರುಗೋವರೆಗೂ ಇಲ್ಲೇ ಕೂತಿರ್ತೀನಿ." ಅಂದಿನಿಂದ ಅವರು ವಾರ್ಡಿನ ಮುಂದಿನ ಬೆಂಚಿನ ಮೇಲೆ ಬರೀ ನೀರು ಕುಡಿದುಕೊಂಡು ಕುಳಿತಿರುತ್ತಾರೆ. ಅವರಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆಯೂ ಇದೆ. ನಿನ್ನೆ ಏಳಲು ಹೋಗಿ ಗೋಡೆ ಹಿಡಿದುಕೊಂಡರು. ಹತ್ತನೇ ಹಾಸಿಗೆಯಿಂದ ಅದು ಕಾಣಿಸುತ್ತದೆ, ಕೈ ಮಾತ್ರ ಎಟುಕುವುದಿಲ್ಲ. ಸದರಿ ಅಧಿಕಾರಿಗೆ ತುಂಬಾ ಭಯವಾಗಿದೆ.

8. ಮಂಚ ತಿರುಗಿಸುವಂತೆ ಸಿಬ್ಬಂದಿಗೆ ಮೌಖಿಕವಾಗಿ ಸೂಚಿಸಲಾಗಿ ಯಾರೂ ಮುಂದೆ ಬರಲಿಲ್ಲ. ಕಾರಣ ಕೇಳಲಾಗಿ ಆಯಾ ಮುನಿಯಕ್ಕ, "ಸಿಸ್ಟರ್‌ಗಾದ ಗತಿ ನಂಗೂ ಆದ್ರೆ ನನ್ ಮಕ್ಳುನ್ನ ಯಾರ್ ನೋಡ್ತಾರೆ ಸಾರ್? ಮೊದ್ಲು ಅವ್ರುನ್ನ ಕರ್ಸಿ, ಆಮೇಲೆ ಮಂಚದ್ ಮಾತು" ಎಂದರು. ಕಾರಣವು ಸಮಂಜಸವಾಗಿದೆ.

9. ಕುರ್ಚಿಯಲ್ಲಿ ಕುಳಿತು ಹೊರಡಿಸಿದ ಆದೇಶವನ್ನು ಕುರ್ಚಿಯಲ್ಲಿ ಕುಳಿತೇ ರದ್ದುಪಡಿಸತಕ್ಕದ್ದೆಂಬುದು ಈ ಇಲಾಖೆಯ ನಿಯಮ. ಸಹಿ ಮಾಡಬೇಕಾದ ಅಧಿಕಾರಿಯು ಮಲಗಿರುವುದರಿಂದ, ಹತ್ತನೇ ಹಾಸಿಗೆಯನ್ನು ಈ ಸುತ್ತೋಲೆಯ ಉದ್ದೇಶಕ್ಕಾಗಿ ಕುರ್ಚಿಯೆಂದೂ, ಮೂತ್ರದ ಬಾಟಲಿ ಇಡುವ ಸ್ಟೂಲನ್ನು ಮೇಜೆಂದೂ ಪರಿಗಣಿಸಲಾಗಿದೆ.

10. ಮೇಲ್ಕಂಡ ಕುರ್ಚಿಯಿಂದ ಸರ್ವಮಂಗಳಾ ಅವರ ಅಮಾನತನ್ನು ರದ್ದುಗೊಳಿಸಿ ಹೇಳಿಕಳಿಸಲಾಯಿತು. ಅವರು ಇಂದು ಬೆಳಿಗ್ಗೆ ಸಮವಸ್ತ್ರವಿಲ್ಲದೆ, ಮನೆಯ ಸೀರೆಯಲ್ಲೇ ಬಂದು, ಸದರಿ ಅಧಿಕಾರಿಯ ಬೆನ್ನ ಕೆಳಗೆ ಕೈ ಹಾಕಿ ನೋಡಿ, ಮಡಿಕೆ ಬಿದ್ದಿದ್ದ ಬೆಡ್‌ಶೀಟನ್ನು ಎಳೆದು ಸರಿಪಡಿಸಿದರು. ಬಳಿಕ, "ತಿರುಗಿಸ್ತೀನಿ ಸಾರ್. ಆದ್ರೆ ಮೊದ್ಲು ಪಿಳ್ಳಪ್ಪನವ್ರದು. ಅವ್ರು ನಿಮಗಿಂತ ಮುಂಚೆ ಕೇಳಿದ್ರು" ಎಂದರು. ಸದರಿ ಅಧಿಕಾರಿಗೆ ನಾಚಿಕೆಯಾಯಿತು. ನಾಚಿಕೆಗೆ ಕಡತದಲ್ಲಿ ಪ್ರತ್ಯೇಕ ಶೀರ್ಷಿಕೆ ಇಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ.

11. ಆದ್ದರಿಂದ ಸುತ್ತೋಲೆ ಸಂಖ್ಯೆ 11ನ್ನು ಹಿಂಪಡೆದು, ಎಲ್ಲ ದಿಕ್ಕುಗಳನ್ನೂ ಅವುಗಳ ಮೂಲ ಸ್ಥಾನಕ್ಕೆ ಗೌರವಪೂರ್ವಕವಾಗಿ ಮರಳಿಸಲಾಗಿದೆ. ಸೂರ್ಯನು ನಾಳೆಯಿಂದ ಎಂದಿನಂತೆ ಕರ್ತವ್ಯಕ್ಕೆ ಹಾಜರಾಗಬಹುದು. ರೋಗಿ ಯಾವ ಕಡೆ ತಲೆ ಹಾಕಿದರೆ ನಿದ್ದೆ ಬರುತ್ತದೆಂಬುದನ್ನು ರೋಗಿಯನ್ನೇ ಕೇಳತಕ್ಕದ್ದು. ಮಾತ್ರೆಯನ್ನು ಬಾಯಿರುವ ತುದಿಗೆ ಕೊಡತಕ್ಕದ್ದು. ಮಂಚಗಳನ್ನು ಪಿಳ್ಳಪ್ಪನವರದರಿಂದ ಮೊದಲುಗೊಂಡು ತಿರುಗಿಸಿಕೊಡುವಂತೆ ಸರ್ವಮಂಗಳಾ ಅವರನ್ನು ಈ ಮೂಲಕ ಕೇಳಿಕೊಳ್ಳಲಾಗಿದೆ.

(ಸಹಿ)
ಅನಂತರಾಮು
ಉಪನಿರ್ದೇಶಕರು, ಹಾಲಿ ರೋಗಿ

ಸೂಚನೆ: ಸಹಿ ಸೊಟ್ಟಗಿರುವುದಕ್ಕೆ, ಸಹಿ ಮಾಡುವ ವೇಳೆ ಕುರ್ಚಿಯು ತಿರುಗುತ್ತಿದ್ದುದೇ ಕಾರಣ.

ಪ್ರತಿಗಳು:
1. ಆಸ್ಪತ್ರೆಯ ವೈದ್ಯಾಧಿಕಾರಿಗಳಿಗೆ, ಗೋಡೆಯ ಸಂಖ್ಯೆಗಳಿಗೆ ಸುಣ್ಣ ಬಳಿಸುವ ಕ್ರಮಕ್ಕಾಗಿ.
2. ಸರ್ವೆ ಕಚೇರಿಗೆ, ದಿಕ್ಸೂಚಿಯ ಗಾಜು ಒಡೆದ ಬಗ್ಗೆ ವಿಷಾದದೊಂದಿಗೆ. ಮುಳ್ಳಿನ ಮೇಲೆ ಕ್ರಮ ಕೈಗೊಳ್ಳುವುದಿಲ್ಲ.
3. ಶ್ರೀ ಪಿಳ್ಳಪ್ಪ, ಒಂಬತ್ತನೇ ಹಾಸಿಗೆ. ಈಗಾಗಲೇ ಗೊರಕೆ ಹೊಡೆಯುತ್ತಿರುವುದರಿಂದ ಪ್ರತಿಯನ್ನು ದಿಂಬಿನ ಕೆಳಗೆ ಇಡುವುದು.
4. ಶ್ರೀಮತಿ ಸೀತಾಲಕ್ಷ್ಮಿ, ವಾರ್ಡಿನ ಮುಂದಿನ ಬೆಂಚು, ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ. ತಿರುಗಿಸಿದ್ದಾರೆ, ಬಂದು ನೋಡು. ಇನ್ನಾದ್ರೂ ಊಟ ಮಾಡಮ್ಮ.