ಬ್ರೇಕು ಮೂರನೇ ಪಾಠ

ಭಾನುವಾರ ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಗಂಗಾಧರ ಹೊಸ ರೇಸ್ ಸೈಕಲ್ಲಿನ ಮೇಲೆ ಕೂಡ್ಲಿಗಿಯ ಆಂಜನೇಯನ ಗುಡಿಯನ್ನು ನಾಲ್ಕನೇ ಬಾರಿ ಸುತ್ತುತ್ತಿದ್ದ. ಎದುರಿಗೇ ಅವನ ಮನೆ. ಬಾಗಿಲಿಗೆ ಬೀಗ, ಬೀಗದ ಕೈ ಅವನ ಜೇಬಿನಲ್ಲಿ. ಹೊರಗೆ ಹೆಂಡತಿ ಸುಜಾತಾ, ತುಂಬಿದ ಕೊಡದೊಂದಿಗೆ.

ಸುಜಾತಾ: ನಿಂದ್ರಿರೀ! ನಾನು ನಳದ ಕಡೆ ಹೋಗಿ ಬರೂದ್ರಾಗ ಬೀಗ ಹಾಕೀರಲ್ಲ, ಒಲಿ ಮ್ಯಾಲೆ ಹಾಲೈತಿ!

ಗಂಗಾಧರ: ಒಳಗ ಯಾರೂ ಇಲ್ಲಂತ ಎಲ್ಡು ಸಲ ನೋಡೇ ಹಾಕೀನಿ.

ಸುಜಾತಾ: ಒಲಿ ನೋಡ್ಲಿಲ್ಲ?

ಸೈಕಲ್ ಗುಡಿಯ ಹಿಂದೆ ಮರೆಯಾಯಿತು. ಉತ್ತರ ಮುಂದಿನ ಸುತ್ತಿಗೆ ಬಂತು.

ಗಂಗಾಧರ: ಇಲ್ಲ.

ಸುಜಾತಾ: ಬ್ರೇಕ್ ಹಿಡೀರಿ!

ಗಂಗಾಧರ: ಸೈಕಲ್ ಜೋಡಿ ಬಂದ ಪುಸ್ತಕದಾಗ ಅದನ್ನ ಇನ್ನೂ ಓದಿಲ್ಲ. ಮೊದಲ್ನೇ ಪಾಠ ಸೀಟು, ಎಲ್ಡನೇದು ಗೇರು. ಬ್ರೇಕು ಮೂರನೇದು.

ಸುಜಾತಾ: ಪುಸ್ತಕ ಎಲ್ಲೈತಿ?

ಗಂಗಾಧರ: ಮನ್ಯಾಗ.

ಆ ಸೈಕಲ್ಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಹಿಡಿಕೆ, ಬ್ರೇಕಿಗೂ ಗೇರಿಗೂ ಅದೇ. ತನ್ನತ್ತ ಎಳೆದರೆ ಬ್ರೇಕು, ಪಕ್ಕಕ್ಕೆ ತಳ್ಳಿದರೆ ಗೇರು. ಗಂಗಾಧರ ಪಕ್ಕಕ್ಕೆ ತಳ್ಳಿದ. ಚೈನು ಕಟಕಟ ಅಂದಿತು. ಕಾಲು ಇನ್ನೂ ಜೋರಾಗಿ ತಿರುಗತೊಡಗಿತು.

ಸುಜಾತಾ: ತುಳಿಯಾದು ಬಿಡ್ರಿ, ತಾನೇ ನಿಂದ್ರತೈತಿ!

ಗಂಗಾಧರ: ನಿಂತ್ರ ಬೀಳ್ತೀನಿ! ಸೀಟು ಪುಸ್ತಕದ ಅಳತಿಗೆ ಏರ್ಸೀನಿ, ಕಾಲು ನೆಲಕ್ಕ ಎಟಕೂದಿಲ್ಲ.

ಸುಜಾತಾ: ಬೀಗದ ಕೈ ಆದ್ರೂ ಒಗೀರಿ!

ಗಂಗಾಧರ: ಒಂದ ಕೈಲೆ ಹಿಡಿಯಾದು ಐದನೇ ಪಾಠ!

ಪಕ್ಕದ ಮನೆಯ ಮುದುಕಿ ನಾಗಲಿಂಗಮ್ಮ ಗುಡಿಗೆ ಹೂವು ತಂದವಳು ಇದನ್ನು ಕಂಡು ಕೈ ಮುಗಿದಳು.

ನಾಗಲಿಂಗಮ್ಮ: ಎಂಥಾ ಭಕ್ತಿ! ಚಪ್ಲಿ ಸೈತ ಹಾಕ್ಯಂಡಿಲ್ಲ.

ಸುಜಾತಾ: ಪೆಡ್ಲ ಮ್ಯಾಲೆ ಜಾರ್ತಾವಂತ ಬಿಟ್ಟಾರಬೇ! ಬರ್ರಿ, ಹಿಡ್ದು ನಿಲ್ಸಣ.

ನಾಗಲಿಂಗಮ್ಮ ಅವಳ ಸೆರಗನ್ನೇ ಹಿಡಿದು ನಿಲ್ಲಿಸಿದಳು.

ನಾಗಲಿಂಗಮ್ಮ: ಹರಕಿ ಹೊತ್ತು ಸುತ್ತೋರ್ನ ನಡುವ ತಡೀಬಾರ್ದವ್ವಾ.

ಸುಜಾತಾ: ಹರಕಿ ಅಲ್ಲಬೇ, ಬ್ರೇಕು!

ನಾಗಲಿಂಗಮ್ಮ: ಯಾವ ಹೆಸ್ರಿಲೆ ಹೊತ್ರೂ ಹರಕಿನೇ.

ಹನ್ನೊಂದನೇ ಸುತ್ತಿನ ಕೊನೆಗೆ ಒಂದು ಎಮ್ಮೆ ಅಡ್ಡ ಬಂತು. ಗಂಗಾಧರ ಹೆದರಿ ಎರಡೂ ಹಿಡಿಕೆಗಳನ್ನು ತನ್ನತ್ತ ಎಳೆದ. ಸೈಕಲ್ ನಿಂತಿತು. ಗಂಗಾಧರ ನಿಲ್ಲಲಿಲ್ಲ, ಎಮ್ಮೆಯ ಬೆನ್ನಿನವರೆಗೂ ಹೋದ.

ಸುಜಾತಾ ಅವನ ಜೇಬಿನಿಂದ ಬೀಗದ ಕೈ ಕಿತ್ತುಕೊಂಡು ಒಳಗೆ ಓಡಿದಳು. ಬರುವಾಗ ಕೈಯಲ್ಲಿ ತಳ ಕರ್ರಗಾದ ಪಾತ್ರೆ ಇತ್ತು. ಅದರಲ್ಲಿ ಹಾಲಿರಲಿಲ್ಲ.

ನಾಗಲಿಂಗಮ್ಮ: ಹನ್ನೊಂದಕ್ಕ ನಿಂತ್ಯಲ್ಲಪ್ಪಾ! ಎಷ್ಟು ಸುತ್ತಂತ ಬೇಡ್ಕಂಡಿದ್ದಿ?

ಗಂಗಾಧರ: ಏನೂ ಬೇಡ್ಕಂಡಿಲ್ಲಬೇ. ಸುಜಾತಾ, ನೀನಾರ ಖರೇವು ಹೇಳು.

ಸುಜಾತಾ ಪಾತ್ರೆ ಕೆಳಗಿಟ್ಟು, ಸೈಕಲ್ ಎತ್ತಿ, ಅವನು ಹತ್ತಲು ಅನುಕೂಲವಾಗುವಂತೆ ಭದ್ರವಾಗಿ ಹಿಡಿದಳು.

ಸುಜಾತಾ: ಹನುಮಪ್ಪನ ಮುಂದ ನಿಂತು ಬಾಯಿಬಿಟ್ಟು ಹೇಳ್ಯಾರಬೇ, ನಾನೇ ಕೇಳೀನಿ. ನೂರಾ ಎಂಟು.