ಹುಲಿಗೊಂದು ವೈರು

ಹುಲಿಯ ಹೆಡ್‌ಫೋನಿನ ವೈರು ತುಂಡಾದದ್ದು ಬೆಳಗ್ಗೆ, ಆಫೀಸಿಗೆ ಹೊರಡುವ ಮುನ್ನ ಒಂದೇ ಒಂದು ಆಟ ಎಂದು ಕೂತಾಗ. ಶತ್ರುವನ್ನು ಉರುಳಿಸಿದ ಖುಷಿಯಲ್ಲಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಚಕ್ರ ವೈರಿನ ಮೇಲೆ ಹತ್ತಿ ಕೂತಿತು. ಹುಲಿ ಎದ್ದು ಕುಣಿದ. ಅಲ್ಲಿಗೆ ಅದರ ಕತೆ ಮುಗಿಯಿತು.

ಹುಲಿ ಎಂಬುದು ಕಂಪ್ಯೂಟರ್ ಆಟದೊಳಗಿನ ಹೆಸರು. ಆಫೀಸಿನಲ್ಲಿ ಅವನು ರಸೀದಿಗಳಿಗೆ ಮುದ್ರೆ ಒತ್ತುವ ಗುಮಾಸ್ತ, ಮನೆಯಲ್ಲಿ ಬರೀ ‘ರೀ’. ಆಟಕ್ಕೆ ಕೂತನೆಂದರೆ ಗೋಡೆಯಾಚೆ ಶತ್ರು ಹೆಜ್ಜೆ ಇಟ್ಟರೂ ಅವನಿಗೆ ಕೇಳಿಸುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ಕರೆದದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಅವಳು ಎದುರಿಗೇ ಬಂದು ನಿಂತರೆ ಎರಡು ಬೆರಳಲ್ಲಿ ವೈರನ್ನೆತ್ತಿ, ಡ್ರಿಪ್ ಹಾಕಿಸಿಕೊಂಡ ರೋಗಿಯ ಹಾಗೆ ಮುಖ ಮಾಡಿ, “ವೈರ್ ಇದೆ ಕಣೇ, ಏಳೋಕಾಗಲ್ಲ” ಎನ್ನುತ್ತಿದ್ದ. ಮದುವೆಯಾದಂದಿನಿಂದ ನಡೆದುಕೊಂಡು ಬಂದ ವ್ಯವಸ್ಥೆ ಇದು.

ಅಂದೇ ಸಂಜೆ ಆ ಆಟದ ಫೈನಲ್. ಎರಡು ಸುತ್ತು. ತಂಡದ ನಾಯಕ ಅವನ ಆಫೀಸಿನ ಕ್ಯಾಷಿಯರ್ರೇ. ಯಾರಿಂದಾಗಿ ಸೋತರೂ ಅವನಿಗೆ ತಂಡದಲ್ಲಿ ಜಾಗವಿಲ್ಲ ಎಂದು ಮೊದಲೇ ಗುಡುಗಿದ್ದ. ಹುಲಿ ವೈರಿನ ಎರಡು ತುಂಡುಗಳನ್ನು ತುದಿಗೆ ತುದಿ ಹಿಡಿದು ನೋಡಿದ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಹಾಜರಾದರು. ಯಾರ ಮನೆಯಲ್ಲಿ ಏನು ಕೆಟ್ಟರೂ ಮೊದಲು ಗೊತ್ತಾಗುವುದು ಅವರಿಗೇ.

“ಕೊಡಪ್ಪಾ ಇಲ್ಲಿ. ಜನ್ಮವೆಲ್ಲ ವೈರ್ ಎಳೆದೋನು ನಾನು. ಬೀದಿ ಬೀದಿಗೇ ಕರೆಂಟ್ ಕೊಟ್ಟಿದೀನಿ, ಇದೇನು ಮಹಾ! ಸಂಜೆಗೆ ಜೋಡಿಸಿ ತರ್ತೀನಿ.”

ಕಂಬ ಹತ್ತಿದವರ ಕೈಗೆ ಹೆಡ್‌ಫೋನ್ ಕೊಡಲು ಹುಲಿಗೆ ಮನಸ್ಸಿರಲಿಲ್ಲ. ಕೊಡದೆ ವಿಧಿಯೂ ಇರಲಿಲ್ಲ. ಹೆಂಡತಿ ಮಾತ್ರ, “ಒಳಗೆ ಬನ್ನಿ ಮಾವ, ಕಾಫಿ ಕುಡ್ಕೊಂಡು ಹೋಗಿ” ಎಂದು ಅವರನ್ನು ಅಡುಗೆಮನೆಗೇ ಕರೆದೊಯ್ದಳು.

ಆಫೀಸಿನಲ್ಲಿ ಕ್ಯಾಷಿಯರ್ ಸುದ್ದಿ ಕೇಳಿ ನಕ್ಕುಬಿಟ್ಟ. “ಈ ಕಾಲದಲ್ಲಿ ವೈರ್ ಇರೋದು ಯಾರ್ರೀ ತಗೋತಾರೆ? ಕಟ್ಟಿಹಾಕಿದ ಹಾಗೆ! ವೈರ್‌ಲೆಸ್ ತಗೊಳ್ಳಿ, ಎಲ್ಲಿ ಬೇಕಾದ್ರೂ ಓಡಾಡಬಹುದು.”

“ಸದ್ದು ತಡವಾಗಿ ಬರುತ್ತಂತಲ್ಲಾ? ಮಧ್ಯದಲ್ಲಿ ಚಾರ್ಜ್ ಮುಗಿದ್ರೆ?”

“ನಿಮ್ಮ ತಲೆ! ಅದೆಲ್ಲ ಹಳೇ ಮಾತು.”

ಅಂಗಡಿಯವನು ಇನ್ನೂ ಜಾಣ. “ವೈರ್ ಬೇಕಂದ್ರೆ ಇದು ಚೆನ್ನಾಗಿದೆ ಸಾರ್. ಬೇಡ ಅಂದ್ರೆ ಇದೂ ಚೆನ್ನಾಗಿದೆ” ಎಂದ. ಹುಲಿ ಅದನ್ನಿಟ್ಟು ಇದನ್ನೆತ್ತಿ, ಇದನ್ನಿಟ್ಟು ಅದನ್ನೆತ್ತಿ, ಕೊನೆಗೆ ವೈರ್‌ಲೆಸ್ ಹಿಡಿದು ಮನೆಗೆ ಓಡಿದ.

ಮೊದಲ ಸುತ್ತು ಜೋರಾಗಿಯೇ ಶುರುವಾಯಿತು. ಸದ್ದು ತಡವಾಗಲಿಲ್ಲ, ಚಾರ್ಜೂ ಮುಗಿಯಲಿಲ್ಲ. ಶತ್ರುವಿನ ಹೆಜ್ಜೆ ಹತ್ತಿರವಾಗುತ್ತಿತ್ತು. ಆಗ ಹೆಂಡತಿ ಬಂದು ಭುಜ ಮುಟ್ಟಿದಳು.

“ರೀ, ಮೋಡ ಹಾಕಿದೆ. ಮಹಡಿ ಮೇಲಿನ ಬಟ್ಟೆ ತನ್ನಿ.”

ಹುಲಿಯ ಎರಡು ಬೆರಳು ರೂಢಿಯಂತೆ ಎದೆಯ ಹತ್ತಿರ ಹೋದವು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ.

“ವೈರ್ ಇಲ್ವಲ್ಲಾ?” ಎಂದಳು ಅವಳು, ತೀರಾ ಮುಗ್ಧವಾಗಿ.

ಹುಲಿ ಎದ್ದು ಮಹಡಿಗೆ ಓಡಿದ. ಕೆಳಗಿನಿಂದ ಅವಳು, “ಎಡಗಡೇದು ಮೊದಲು ತಗೊಳ್ಳಿ, ಎಡಗಡೇದು!” ಎಂದು ಕೂಗಿದ್ದನ್ನು ಹೆಡ್‌ಫೋನಿನ ಮೈಕು ಚಾಚೂ ತಪ್ಪದೆ ಇಡೀ ತಂಡಕ್ಕೆ ಮುಟ್ಟಿಸಿತು. ತಂಡ ಎಡಕ್ಕೆ ನುಗ್ಗಿತು. ಶತ್ರುಗಳು ಅಲ್ಲೇ ಕಾಯುತ್ತಿದ್ದರು. ಹುಲಿ ಬಟ್ಟೆಯ ಗಂಟು ಹೊತ್ತು ಇಳಿದು ಬರುವಷ್ಟರಲ್ಲಿ ಅವನ ಆಟದ ಹುಲಿಯೂ ಗೋಡೆಗೆ ಮುಖ ಮಾಡಿ ಸತ್ತು ಬಿದ್ದಿತ್ತು.

“ಇನ್ನೊಂದು ಸುತ್ತಿದೆ. ಕುರ್ಚಿ ಬಿಟ್ಟು ಎದ್ದರೆ ನಾಳೆ ನನಗೆ ಮುಖ ತೋರಿಸ್ಬೇಡಿ!” ಎಂದು ಕ್ಯಾಷಿಯರ್ ಕಿವಿಯೊಳಗೇ ಅರಚಿದ.

ಹುಲಿಗೆ ಅಳುವೇ ಬಂತು. ಛೇ, ಆ ವೈರು ಎಂಥ ಆಪ್ತಬಂಧುವಾಗಿತ್ತು! ಸರಿಯಾಗಿ ಆಗಲೇ ಬಾಗಿಲು ಬಡಿದ ಸದ್ದು. ಲೈನ್‌ಮನ್! ಕೈಯಲ್ಲಿ ಹಳೆಯ ಹೆಡ್‌ಫೋನು, ಅದಕ್ಕೆ ಗಟ್ಟಿಯಾದ ಹೊಸ ಕಪ್ಪು ವೈರು, ಹೆಗಲಲ್ಲೊಂದು ಜೋಳಿಗೆ.

ಹುಲಿ ಅವರನ್ನು ತಬ್ಬಿಕೊಳ್ಳುವುದೊಂದೇ ಬಾಕಿ. ಕೂಡಲೇ ಕಂಪ್ಯೂಟರಿಗೆ ಸಿಕ್ಕಿಸಿ, ತಲೆಗೇರಿಸಿ, ಕುರ್ಚಿಯಲ್ಲಿ ರಾಜನಂತೆ ಕೂತ. ಎರಡನೆಯ ಸುತ್ತು ಶುರುವಾಯಿತು.

“ರೀ, ಪಾತ್ರೆ ಹಾಗೇ ಬಿದ್ದಿದೆ.”

ಹುಲಿ ನಿಧಾನವಾಗಿ, ಸುಖವಾಗಿ, ಎರಡು ಬೆರಳಲ್ಲಿ ವೈರನ್ನೆತ್ತಿದ. “ವೈರ್ ಇದೆ ಕಣೇ. ಏಳೋಕಾಗಲ್ಲ.”

“ಸ್ವಲ್ಪ ಎಳೀರಿ ನೋಡೋಣ.”

ಎಳೆದ. ವೈರು ಬಂತು. ಇನ್ನಷ್ಟು ಎಳೆದ, ಇನ್ನಷ್ಟು ಬಂತು. ಲೈನ್‌ಮನ್ನರ ಜೋಳಿಗೆಯಿಂದ ಸುರುಳಿ ಸುರುಳಿಯಾಗಿ ಬರುತ್ತಲೇ ಇತ್ತು.

“ಕೆಲಸ ಅಂದ್ರೆ ಹಿಂಗಿರ್ಬೇಕು” ಎಂದರು ಅವರು, ಹೆಮ್ಮೆಯಿಂದ. “ಬೆಳಗ್ಗೆ ನಿಮ್ಮನೆಯೋರೇ ನಿಂತು ಅಳತೆ ಕೊಟ್ರಪ್ಪಾ. ಸಿಂಕ್ ತನಕ ಆರಾಮಾಗಿ ಬರುತ್ತೆ.”

ಹೆಂಡತಿ ಪಾತ್ರೆ ಉಜ್ಜುವ ಬ್ರಷ್ಷನ್ನು ಹುಲಿಯ ಕೈಗಿಟ್ಟು, ಲೈನ್‌ಮನ್ ಕಡೆ ತಿರುಗಿದಳು.

“ಮಾವ, ಮಹಡಿ ತನಕ ಅಂದ್ರೆ ಇನ್ನೆಷ್ಟು ಬೇಕಾಗಬಹುದು?”